ಹತ್ತು ವರ್ಷ ಹಿಂದೆ ಉಳಿದ ವಿದೇಶಿ ವ್ಯಾಲ್ಯೂ ಫಂಡ್‌ಗೆ ಈಗ ದುಡ್ಡು ಹಾಕಬಹುದಾ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. 11 ವರ್ಷದಿಂದ ಅಮೆರಿಕದಲ್ಲಿ, ಡಲ್ಲಾಸ್ ಹತ್ತಿರ ಇದ್ದೇನೆ. ವಯಸ್ಸು 41. ನನ್ನ 401(ಕೆ), ಅಂದರೆ ಕಂಪನಿ ಮೂಲಕದ ನಿವೃತ್ತಿ ಖಾತೆಯ ದುಡ್ಡೆಲ್ಲ ಎಸ್ ಆಂಡ್ ಪಿ 500 ಇಂಡೆಕ್ಸ್ ಫಂಡ್‌ನಲ್ಲಿದೆ, ಅಮೆರಿಕದ ದೊಡ್ಡ ಕಂಪನಿಗಳ ಸೂಚ್ಯಂಕವನ್ನು ಹಾಗೇ ಹಿಂಬಾಲಿಸುವ ಫಂಡ್ ಅದು. ಕಂಪನಿ ಕೊಟ್ಟಿರುವ ಪಟ್ಟಿಯಲ್ಲಿ ಡಾಜ್ ಆಂಡ್ ಕಾಕ್ಸ್ ಇಂಟರ್‌ನ್ಯಾಷನಲ್ ಸ್ಟಾಕ್ ಫಂಡ್ ಕೂಡ ಇದೆ. 'ಫಾರಿನ್ ಲಾರ್ಜ್ ವ್ಯಾಲ್ಯೂ' ಅಂತ ಅದರ ವರ್ಗ, ಅಂದರೆ ಅಮೆರಿಕದ ಹೊರಗಿನ ದೊಡ್ಡ ಕಂಪನಿಗಳಲ್ಲಿ ಅಗ್ಗವಾಗಿ ಸಿಗುವ ಷೇರುಗಳನ್ನು ಕೊಳ್ಳುವ ಫಂಡ್. 10 ವರ್ಷದ ಲೆಕ್ಕದಲ್ಲಿ ಎಸ್ ಆಂಡ್ ಪಿಗಿಂತ ತುಂಬಾ ಹಿಂದಿದೆ, 2025ರಲ್ಲಿ ಮಾತ್ರ ಮುಂದೆ. 50 ಸಾವಿರ ಡಾಲರ್ ಇದಕ್ಕೆ ಬದಲಾಯಿಸೋಣ ಅಂತಿದ್ದೇನೆ. ಇಂಥ ಫಂಡ್ ಒಳ್ಳೆಯದೋ ಅಲ್ಲವೋ ಅಂತ ನೋಡುವುದು ಹೇಗೆ? ಹೆಂಡತಿಯ ಸಾಮಾನ್ಯ ಬ್ರೋಕರೇಜ್ ಖಾತೆಯಲ್ಲೂ ಇದನ್ನೇ ತಗೊಳ್ಳಬಹುದಾ?

ಉತ್ತರ: ಮೊದಲು ಒಂದು ಸಣ್ಣ ತಿದ್ದುಪಡಿ. 2025ರಲ್ಲಿ ಮಾತ್ರ ಮುಂದೆ ಅಂದಿದ್ದೀರಿ. 2022ನ್ನೂ ನೋಡಿ. ಆ ವರ್ಷ ಡಿವಿಡೆಂಡ್ ಸೇರಿಸಿದರೂ ಎಸ್ ಆಂಡ್ ಪಿ 500 ಶೇ 18ರಷ್ಟು ಬಿತ್ತು. ಈ ಫಂಡ್ ಬಿದ್ದದ್ದು ಶೇ 7ರ ಒಳಗೆ. ನೀವು ನೋಡಿದ್ದು 10 ವರ್ಷದ ಒಂದೇ ಅಂಕಿ, ಅದಕ್ಕೇ ಇದು ಕಣ್ಣಿಗೆ ಬಿದ್ದಿಲ್ಲ. ಆ ಒಂದು ಅಂಕಿಯಲ್ಲಿ ಹತ್ತೂ ವರ್ಷ ಕರಗಿ ಹೋಗಿರುತ್ತವೆ.

ಅದಕ್ಕಿಂತ ದೊಡ್ಡ ತೊಂದರೆ ನೀವು ಹಿಡಿದ ಅಳತೆಗೋಲಿನದು. ನೀವು ಹಾಸನದವರು, ಹೀಗೆ ಹೇಳಿದರೆ ಥಟ್ಟನೆ ಗೊತ್ತಾಗುತ್ತದೆ. ಆಲೂಗಡ್ಡೆ ಹಾಕಿದವನನ್ನು ಹಿಡಿದು 'ಸಕಲೇಶಪುರದಲ್ಲಿ ಕಾಫಿಗೆ ಎಂಥಾ ರೇಟ್ ಬಂತು, ನಿನಗ್ಯಾಕೆ ಅಷ್ಟು ಬರಲಿಲ್ಲ' ಅಂತ ಕೇಳಿದ ಹಾಗಾಯಿತು ಇದು. ಆಲೂಗಡ್ಡೆ ಹಾಕಬೇಕಿತ್ತಾ ಅನ್ನುವುದು ಒಂದು ಪ್ರಶ್ನೆ. ಹಾಕಿದ ಮೇಲೆ ಅಕ್ಕಪಕ್ಕದ ಆಲೂಗಡ್ಡೆ ಹೊಲಗಳಿಗಿಂತ ಇವನ ಹೊಲ ಚೆನ್ನಾಗಿ ಬಂತಾ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಗೋಣಿಗೆ ತುಂಬಿದರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಅಕ್ಕಪಕ್ಕದ ಹೊಲ ಇಲ್ಲಿ ಯಾವುದು? ಎಂಎಸ್‌ಸಿಐ ಈಫಾ ಅಂತ ಒಂದು ಸೂಚ್ಯಂಕ ಇದೆ. ಯುರೋಪ್, ಆಸ್ಟ್ರೇಲಿಯಾ, ಜಪಾನ್ ಕಡೆಯ 21 ಮುಂದುವರಿದ ದೇಶಗಳ ಷೇರುಗಳು ಅದರಲ್ಲಿವೆ. ಜಪಾನ್‌ದೇ ದೊಡ್ಡ ಪಾಲು. ಅಮೆರಿಕ, ಕೆನಡಾ ಇಲ್ಲ. ಭಾರತ, ಚೀನಾ, ಕೊರಿಯಾ, ತೈವಾನ್ ಕೂಡ ಇಲ್ಲ. ಅದರದ್ದೇ ಒಂದು ಕವಲು ಈಫಾ ವ್ಯಾಲ್ಯೂ. ಪುಸ್ತಕದ ಬೆಲೆ (ಕಂಪನಿಯ ಲೆಕ್ಕಪತ್ರದ ಪ್ರಕಾರ ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು), ಮುಂದಿನ 12 ತಿಂಗಳ ಅಂದಾಜು ಗಳಿಕೆ, ಡಿವಿಡೆಂಡ್, ಈ ಮೂರಕ್ಕೆ ಹೋಲಿಸಿದರೆ ಅಗ್ಗವಾಗಿ ಸಿಗುವ ಷೇರುಗಳನ್ನು ಅದಕ್ಕೆ ಹಾಕುತ್ತಾರೆ. ಇದನ್ನೇ ಹಿಂಬಾಲಿಸುವ ಐಶೇರ್ಸ್ ಇಟಿಎಫ್ (ಷೇರಿನ ಹಾಗೆ ಪೇಟೆಯಲ್ಲಿ ಕೊಂಡು ಮಾರುವ ಫಂಡ್) ಒಂದು 2005ರಿಂದ ಇದೆ, ಇಎಫ್‌ವಿ ಅಂತ. ನಿಮ್ಮ ಫಂಡಿನ ಪಕ್ಕದಲ್ಲಿ ಇದನ್ನು ಇಟ್ಟು ವರ್ಷ ವರ್ಷ ಬಿಡಿಸಿ ನೋಡಿ. ಡಾಜ್ ಆಂಡ್ ಕಾಕ್ಸ್ ಬೆಳೆಯುತ್ತಿರುವ ದೇಶಗಳ ಷೇರುಗಳನ್ನೂ ಕೊಳ್ಳುತ್ತದೆ. ಹಾಗಾಗಿ ಆ ದೇಶಗಳೂ ಇರುವ ಎಂಎಸ್‌ಸಿಐ ಎಸಿಡಬ್ಲ್ಯುಐ ಎಕ್ಸ್ ಯುಎಸ್‌ಎ ವ್ಯಾಲ್ಯೂ ಸೂಚ್ಯಂಕದ ಜತೆಗೂ ಒಮ್ಮೆ ಹೋಲಿಸುವುದು ನ್ಯಾಯ.

ಈಗ ಆಲೂಗಡ್ಡೆ ಹಾಕಬೇಕಿತ್ತಾ ಅನ್ನುವ ಪ್ರಶ್ನೆಗೆ ಬರೋಣ. ವಿದೇಶಿ ವ್ಯಾಲ್ಯೂ ಷೇರುಗಳು ಅಷ್ಟು ವರ್ಷ ಯಾಕೆ ಮಲಗಿದ್ದವು? ಇದಕ್ಕೆ ಉತ್ತರ ಗೊತ್ತಿಲ್ಲದೆ ದುಡ್ಡು ಹಾಕಬೇಡಿ. ಫಂಡ್ ಮತ್ತೆ ಮಲಗಿದಾಗ ನಿಮಗೆ ನಿದ್ದೆ ಬರುವುದಿಲ್ಲ.

ಅಮೆರಿಕದ ಹೊರಗೆ ಅಗ್ಗದ ಷೇರುಗಳ ಬುಟ್ಟಿಗೆ ಕೈ ಹಾಕಿದರೆ ಮೊದಲು ಸಿಗುವುದು ಬ್ಯಾಂಕುಗಳು. ಆಮೇಲೆ ತೈಲ, ವಿಮೆ, ಕಾರು. ಎಚ್‌ಎಸ್‌ಬಿಸಿ, ಶೆಲ್, ಟೊಯೊಟಾ, ಮಿತ್ಸುಬಿಷಿ ಯುಎಫ್‌ಜೆ, ಈ ಥರದವು. ಬ್ಯಾಂಕಿಗೆ ಬಡ್ಡಿಯೇ ಅನ್ನ. ಯುರೋಪಿನ ಕೇಂದ್ರ ಬ್ಯಾಂಕ್ 2014ರ ಜೂನ್‌ನಲ್ಲಿ ಬಡ್ಡಿಯನ್ನು ಸೊನ್ನೆಗಿಂತ ಕೆಳಕ್ಕೆ ಇಳಿಸಿತು. 2016ರಲ್ಲಿ ಜಪಾನ್ ಕೂಡ ಅದೇ ದಾರಿ ಹಿಡಿಯಿತು. ಅಂದರೆ ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿ ಹೆಚ್ಚುವರಿ ದುಡ್ಡು ಇಟ್ಟರೆ ಬಡ್ಡಿ ಸಿಗುವುದು ಹೋಗಲಿ, ಇವರೇ ಕೊಡಬೇಕು. ಎಷ್ಟೋ ವರ್ಷ ಹೀಗೇ ನಡೆಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ, ಸದ್ಯಕ್ಕೆ ಡಿವಿಡೆಂಡ್ ಕೊಡಬೇಡಿ ಅಂತ ಯುರೋಪಿನ ಬ್ಯಾಂಕುಗಳಿಗೆ ಹೇಳಿದರು. ಏಪ್ರಿಲ್‌ನಲ್ಲಿ ಶೆಲ್ ತನ್ನ ಡಿವಿಡೆಂಡ್ ಕಡಿತ ಮಾಡಿತು, ಎರಡನೇ ಮಹಾಯುದ್ಧದ ನಂತರ ಮೊದಲ ಸಲ. ಡಿವಿಡೆಂಡ್ ನೆಚ್ಚಿಕೊಂಡು ಈ ಷೇರು ಹಿಡಿದಿದ್ದವರ ಮುಖ ನೆನೆಸಿಕೊಳ್ಳಿ.

ಆಮೇಲೆ ಗಾಳಿ ತಿರುಗಿತು. 2022ರ ಜುಲೈಯಿಂದ ಯುರೋಪಿನಲ್ಲಿ ಬಡ್ಡಿ ಏರತೊಡಗಿ 2023ರ ಸೆಪ್ಟೆಂಬರ್ ಹೊತ್ತಿಗೆ ಶೇ 4 ಆಯಿತು. ಅದೇ ಬ್ಯಾಂಕುಗಳ ಲಾಭ ಉಬ್ಬಿತು. ಜಪಾನ್‌ನಲ್ಲಿ ಇನ್ನೊಂದು ಮಜಾ ನಡೆಯಿತು. ಅಲ್ಲಿನ ದೊಡ್ಡ ಕಂಪನಿಗಳಲ್ಲೂ ಸುಮಾರು ಅರ್ಧದಷ್ಟರ ಷೇರು ಪುಸ್ತಕದ ಬೆಲೆಗಿಂತ ಕೆಳಗೆ ಮಾರಾಟ ಆಗುತ್ತಿದ್ದವು. ಅಂದರೆ ಕಂಪನಿ ಬಾಗಿಲು ಹಾಕಿ, ಇದ್ದಬದ್ದ ಆಸ್ತಿಯನ್ನು ಪುಸ್ತಕದಲ್ಲಿ ಬರೆದ ಬೆಲೆಗೆ ಮಾರಿ, ಸಾಲ ತೀರಿಸಿದರೆ ಕೈಗೆ ಬರುವುದು ಷೇರಿನ ಬೆಲೆಗಿಂತ ಜಾಸ್ತಿ. 2023ರ ಮಾರ್ಚ್‌ನಲ್ಲಿ ಟೋಕಿಯೊ ಷೇರು ಪೇಟೆ ಈ ಕಂಪನಿಗಳನ್ನು ಕೂರಿಸಿ ಕೇಳಿತು: ಇದನ್ನು ಸರಿ ಮಾಡಲು ಏನು ಮಾಡುತ್ತೀರಿ, ಬರೆದು ಕೊಡಿ. ಪೆಟ್ಟಿಗೆಯಲ್ಲಿ ಸುಮ್ನೆ ಕೂತಿದ್ದ ದುಡ್ಡು ಡಿವಿಡೆಂಡ್ ಆಗಿ, ಷೇರು ಮರುಖರೀದಿ ಆಗಿ ಹೊರಗೆ ಬರತೊಡಗಿತು. ವಾರನ್ ಬಫೆಟ್ ಇದಕ್ಕೂ ಮೊದಲೇ, 2020ರ ಆಗಸ್ಟ್‌ನಲ್ಲಿ, ಜಪಾನ್‌ನ ಐದು ದೊಡ್ಡ ವ್ಯಾಪಾರಿ ಸಂಸ್ಥೆಗಳಲ್ಲಿ ಶೇ 5ಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಕೊಂಡದ್ದನ್ನು ಹೇಳಿದ್ದರು. ಜಪಾನ್‌ನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರ್‌ನ ಎತ್ತರವನ್ನು ದಾಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ! 'ತಾಳಿದವನು ಬಾಳಿಯಾನು' ನಿಜ, ಆದರೆ 34 ವರ್ಷ ತಾಳು ಅಂತ ಯಾರಿಗೂ ಹೇಳಲಾಗದು. ಅಗ್ಗ ಅನ್ನುವ ಕಾರಣಕ್ಕೇ ಏರಬೇಕು ಅಂತ ನಿಯಮ ಇಲ್ಲ. ಅಗ್ಗದ್ದು ಏರಲು ಯಾರಾದರೂ, ಏನಾದರೂ ತಳ್ಳಬೇಕು. ಬಡ್ಡಿ, ಪೇಟೆಯ ಒತ್ತಡ, ಹೊಸ ಆಡಳಿತ, ಏನೋ ಒಂದು.

ಇನ್ನು ಈ ಫಂಡಿನ ವಿಷಯ. ಡಾಜ್ ಆಂಡ್ ಕಾಕ್ಸ್ ಸ್ಯಾನ್ ಫ್ರಾನ್ಸಿಸ್ಕೊದ ಹಳೇ ಸಂಸ್ಥೆ, 1930ರದ್ದು. ಮಾಲೀಕರು ಒಳಗೆ ಕೆಲಸ ಮಾಡುವವರೇ. ಹತ್ತಾರು ಬಗೆಯ ಫಂಡ್ ತೆರೆದು ಜಾಹೀರಾತು ಹಾಕುವ ಅಭ್ಯಾಸ ಇಲ್ಲ. ಈ ಇಂಟರ್‌ನ್ಯಾಷನಲ್ ಫಂಡ್ ಶುರುವಾದದ್ದು 2001ರಲ್ಲಿ. ಒಬ್ಬ ಸ್ಟಾರ್ ಮ್ಯಾನೇಜರ್ ಬದಲು ಒಂದು ಸಮಿತಿ ಕೂತು ತೀರ್ಮಾನ ಮಾಡುತ್ತದೆ. ಕೊಂಡದ್ದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ನನಗೆ ಇದು ಇಷ್ಟ. ಸ್ಟಾರ್ ಮ್ಯಾನೇಜರ್ ಕೆಲಸ ಬಿಟ್ಟರೆ ಫಂಡಿನ ಹೆಸರು ಹಾಗೇ ಇರುತ್ತದೆ, ಒಳಗಿನ ತಿರುಳು ಹೋಗಿರುತ್ತದೆ.

ಒಂದು ಷೇರನ್ನು ಹತ್ತಿರದಿಂದ ನೋಡಿದರೆ ಇವರ ತಲೆ ಹೇಗೆ ಓಡುತ್ತದೆ ಅಂತ ಗೊತ್ತಾಗುತ್ತದೆ. ದಕ್ಷಿಣ ಆಫ್ರಿಕಾದ ನ್ಯಾಸ್ಪರ್ಸ್ ಹಲವು ವರ್ಷ ಈ ಫಂಡಿನ ದೊಡ್ಡ ಹೂಡಿಕೆಗಳಲ್ಲಿ ಒಂದಾಗಿತ್ತು. ಅದು ಮೊದಲು ಪತ್ರಿಕೆ ನಡೆಸುತ್ತಿದ್ದ ಕಂಪನಿ. 2001ರಲ್ಲಿ 3.2 ಕೋಟಿ ಡಾಲರ್ ಕೊಟ್ಟು ಚೀನಾದ ಇಂಟರ್‌ನೆಟ್ ಕಂಪನಿ ಟೆನ್ಸೆಂಟ್‌ನಲ್ಲಿ ಪಾಲು ತಗೊಂಡಿತ್ತು. ಟೆನ್ಸೆಂಟ್ ಬೆಟ್ಟದಷ್ಟು ಬೆಳೆಯಿತು. ಕೊನೆಗೆ ಆ ಪಾಲಿನ ಬೆಲೆಯೇ ಇಡೀ ನ್ಯಾಸ್ಪರ್ಸ್‌ನ ಮಾರುಕಟ್ಟೆ ಬೆಲೆಗಿಂತ ಜಾಸ್ತಿ ಆಯಿತು. ಅಡಿಕೆ ಮೂಟೆಯ ರೇಟ್‌ಗಿಂತ, ಅದೇ ಮೂಟೆ ಹೊತ್ತ ಗಾಡಿ ಎತ್ತು ಸಮೇತ ಅಗ್ಗಕ್ಕೆ ಸಿಕ್ಕಿದ ಹಾಗೆ! ಬೆಳವಣಿಗೆಯ ಕಂಪನಿಯನ್ನು ವ್ಯಾಲ್ಯೂ ಫಂಡ್ ಹಿಂಬಾಗಿಲಿನಿಂದ ಕೊಂಡದ್ದು ಹೀಗೆ. 2018ರಲ್ಲಿ ಆ ಪಾಲಿನ ಸಣ್ಣ ಚೂರು ಮಾರಿದ್ದಕ್ಕೇ ನ್ಯಾಸ್ಪರ್ಸ್‌ಗೆ ಸುಮಾರು 980 ಕೋಟಿ ಡಾಲರ್ ಬಂತು. ಆದರೂ ಆ ರಿಯಾಯಿತಿ ಅಷ್ಟು ಬೇಗ ಮಾಯ ಆಗಲಿಲ್ಲ. ಹಾಗಾಗಿ ನೀವು ಫಂಡಿನ ಟಾಪ್ ಟೆನ್ ಪಟ್ಟಿ ತೆಗೆದು ಪ್ರತಿ ಹೆಸರಿನ ಎದುರು 'ಇದು ಯಾಕೆ ಅಗ್ಗ?' ಅಂತ ಒಂದು ಸಾಲು ಬರೆಯಲು ಪ್ರಯತ್ನಿಸಿ. ಆರೇಳಕ್ಕೆ ಬರೆಯಲು ಬಂದರೆ ಸಾಕು. ಒಂದಕ್ಕೂ ಬರದಿದ್ದರೆ ನೀವು ಕೊಳ್ಳುತ್ತಿರುವುದು ಏನು ಅಂತ ನಿಮಗೇ ಗೊತ್ತಿಲ್ಲ.

ಈಗ ಕೆಟ್ಟ ವರ್ಷಗಳು. ನಾನು ಯಾವುದೇ ಫಂಡಿನಲ್ಲಿ ಮೊದಲು ತೆರೆಯುವ ಪುಟ ಇದು. 2008ರಲ್ಲಿ ಈ ಫಂಡ್ ಶೇ 46.7 ಬಿತ್ತು. 2009ರಲ್ಲಿ ಶೇ 47.5 ಎದ್ದಿತು. ಬಿದ್ದಷ್ಟೂ ಎದ್ದಿತಲ್ಲ ಅಂತ ಅನಿಸುತ್ತದೆ, ಅಲ್ವಾ? 100 ಡಾಲರ್ ಇಟ್ಟು ಲೆಕ್ಕ ಮಾಡಿ. ಮೊದಲ ವರ್ಷ ಉಳಿದದ್ದು 53.3. ಅದರ ಮೇಲೆ ಶೇ 47.5 ಅಂದರೆ 78.6. ಇನ್ನೂ 21 ಡಾಲರ್ ಬಾಕಿ. ಅದೇ ಎರಡು ವರ್ಷದಲ್ಲಿ ಈಫಾ ಸೂಚ್ಯಂಕದ 100 ಡಾಲರ್ 56.6ಕ್ಕೆ ಇಳಿದು 74.6ಕ್ಕೆ ಬಂತು. ಅಂದರೆ ಬೀಳುವಾಗ ಫಂಡ್ ಸೂಚ್ಯಂಕಕ್ಕಿಂತ ಜೋರಾಗಿ ಬಿತ್ತು, ಏಳುವಾಗ ಇನ್ನೂ ಜೋರಾಗಿ ಎದ್ದಿತು. 2018ರಲ್ಲೂ ಅದೇ ಕಥೆ: ಈಫಾ ಶೇ 14ರ ಹತ್ತಿರ ಇಳಿದರೆ ಇದು ಶೇ 18. ಆದರೆ 2022ರಲ್ಲಿ ಉಲ್ಟಾ. ಈಫಾ ಶೇ 14ಕ್ಕಿಂತ ಜಾಸ್ತಿ ಬಿತ್ತು, ಇದು ಶೇ 7ರ ಒಳಗೇ ನಿಂತಿತು. ವ್ಯಾಲ್ಯೂ ಅಂದರೆ ಸೇಫ್ ಅಂತ ಯಾರಾದರೂ ಹೇಳಿದರೆ ಈ ಅಂಕಿಗಳನ್ನು ತೋರಿಸಿ. ಬಡ್ಡಿ ಏರಿ ಪೇಟೆ ಬಿದ್ದಾಗ ಇದು ಕಾಪಾಡಬಹುದು. ಬ್ಯಾಂಕುಗಳೇ ಅಲುಗಾಡಿ ಪೇಟೆ ಬಿದ್ದರೆ ಇದೇ ಮೊದಲು ಬೀಳುತ್ತದೆ.

ನಾನೂ 2007ರಲ್ಲಿ ಒಂದು ವಿದೇಶಿ ವ್ಯಾಲ್ಯೂ ಫಂಡ್ ತಗೊಂಡಿದ್ದೆ. ಬೇರೆ ಸಂಸ್ಥೆಯದು, ಹೆಸರು ಬೇಡ. ಮುಂದಿನ ವರ್ಷ ಸ್ಟೇಟ್‌ಮೆಂಟ್ ಬಂದರೆ ಬಿಚ್ಚುವುದನ್ನೇ ಬಿಟ್ಟೆ. ಲಕೋಟೆಗಳು ಫ್ರಿಜ್ ಮೇಲೆ ಸೇರುತ್ತಾ ಹೋದವು, ಮೇಲೆ ಕಾಫಿ ಲೋಟದ ಗುಂಡು ಕಲೆ. 2009ರ ಮಾರ್ಚ್ ಮೊದಲ ವಾರ ಮೂರನ್ನೂ ಒಟ್ಟಿಗೆ ಬಿಚ್ಚಿದೆ. ಆ ಸಂಜೆಯೇ ಎಲ್ಲ ಮಾರಿದೆ. ಪೇಟೆ ತಳ ಮುಟ್ಟಿದ್ದು ಅದೇ ತಿಂಗಳ 9ಕ್ಕೆ. ಫಂಡಿನದ್ದು ಏನೂ ತಪ್ಪಿರಲಿಲ್ಲ. ಆ ಫಂಡಿನ ಹಳೇ ಕೆಟ್ಟ ವರ್ಷಗಳನ್ನು ನಾನು ಕೊಳ್ಳುವ ಮೊದಲು ನೋಡಿರಲಿಲ್ಲ, ಅಷ್ಟೇ. ನಿಮ್ಮ 50 ಸಾವಿರ ಒಂದು ವರ್ಷದಲ್ಲಿ 27 ಸಾವಿರ ಆದರೆ ಏನು ಮಾಡುತ್ತೀರಿ? ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ.

ಖರ್ಚಿನ ಲೆಕ್ಕಕ್ಕೆ ಬರೋಣ. ಒಂದೇ ಫಂಡನ್ನು ಬೇರೆ ಬೇರೆ ಖರ್ಚಿನ 'ಕ್ಲಾಸ್'ಗಳಾಗಿ ಮಾರುತ್ತಾರೆ, ನಿಮ್ಮ ಪಟ್ಟಿಯಲ್ಲಿ ಇರುವುದು ಯಾವ ಕ್ಲಾಸ್ ಅಂತ ನೋಡಿ. ಐ ಕ್ಲಾಸ್ ಆದರೆ ವರ್ಷಕ್ಕೆ ಶೇ 0.62. ನಿವೃತ್ತಿ ಖಾತೆಗಳಿಗೆಂದೇ 2022ರಲ್ಲಿ ಬಂದ ಎಕ್ಸ್ ಕ್ಲಾಸ್ ಆದರೆ ಶೇ 0.52. ಮನುಷ್ಯರು ಕೂತು ಆರಿಸುವ ವಿದೇಶಿ ಫಂಡ್‌ಗೆ ಇದು ಕಡಿಮೆಯೇ. ಆದರೆ ಅದೇ ಪಟ್ಟಿಯಲ್ಲಿ ಶೇ 0.06ರ ಇಂಟರ್‌ನ್ಯಾಷನಲ್ ಇಂಡೆಕ್ಸ್ ಫಂಡ್ ಇದ್ದರೆ? ಎರಡೂ ಖರ್ಚಿಗೆ ಮೊದಲು ವರ್ಷಕ್ಕೆ ಶೇ 7 ದುಡಿದವು ಅಂತ ಇಟ್ಟುಕೊಳ್ಳಿ. 20 ವರ್ಷದಲ್ಲಿ ನಿಮ್ಮ 50 ಸಾವಿರ ಎಕ್ಸ್ ಕ್ಲಾಸ್‌ನಲ್ಲಿ ಸುಮಾರು 1 ಲಕ್ಷ 75 ಸಾವಿರ, ಇಂಡೆಕ್ಸ್ ಫಂಡ್‌ನಲ್ಲಿ 1 ಲಕ್ಷ 91 ಸಾವಿರ. ಈ 16 ಸಾವಿರ ಡಾಲರ್ ವ್ಯತ್ಯಾಸವನ್ನು ಆ ಸಮಿತಿ ತನ್ನ ಜಾಣತನದಿಂದ ಮೊದಲು ತುಂಬಬೇಕು. ಆಮೇಲೆ ಬಂದದ್ದು ನಿಮ್ಮ ಲಾಭ.

ಕರೆನ್ಸಿ ವಿಷಯ ಬಹಳ ಜನ ಮರೆಯುತ್ತಾರೆ. 2021ರ ಶುರುವಿನಲ್ಲಿ ಒಂದು ಡಾಲರ್‌ಗೆ ಸುಮಾರು 103 ಯೆನ್. 2024ರ ಜುಲೈ ಹೊತ್ತಿಗೆ 160 ದಾಟಿತ್ತು. 103 ಇದ್ದಾಗ 1,000 ಯೆನ್ ಕೊಟ್ಟು ಕೊಂಡ ಷೇರು 160ರಲ್ಲಿ ನಿಮಗೆ ನಷ್ಟ ಮಾಡದೆ ಇರಬೇಕಾದರೆ 1,550 ಯೆನ್ ದಾಟಬೇಕು. ಟೋಕಿಯೊದಲ್ಲಿ ಶೇ 55 ಏರಿಕೆ, ಡಲ್ಲಾಸ್‌ನಲ್ಲಿ ಸೊನ್ನೆ. 2025ರಲ್ಲಿ ಇದು ತಿರುಗಿತು: ಡಾಲರ್ ಇಳಿಯಿತು, ವಿದೇಶಿ ಷೇರುಗಳ ಲಾಭದಲ್ಲಿ ಒಂದು ಪಾಲು ಅದರಿಂದಲೇ ಬಂತು. ನೀವು 2025ರ ಅಂಕಿ ನೋಡಿ ಖುಷಿಪಟ್ಟರೆ ಅದರಲ್ಲಿ ಸ್ವಲ್ಪ ಸಮಿತಿಯ ಕೈಗುಣ, ಸ್ವಲ್ಪ ಡಾಲರ್‌ನ ಜ್ವರ. ನಿವೃತ್ತಿ ಆದ ಮೇಲೆ ಊರಿಗೆ ಬರುವ ಯೋಚನೆ ಇದ್ದರೆ ನಿಮಗೆ ರೂಪಾಯಿ ಅನ್ನುವ ಮೂರನೇ ಲೆಕ್ಕವೂ ಇದೆ. ಎಲ್ಲ ದುಡ್ಡೂ ಡಾಲರ್ ಕಂಪನಿಗಳಲ್ಲೇ ಇರುವುದಕ್ಕಿಂತ ಯುರೋ, ಯೆನ್, ಪೌಂಡ್‌ನಲ್ಲೂ ಸ್ವಲ್ಪ ಇರುವುದು ಆಗ ಒಳ್ಳೆಯದೇ.

ಕಾಗದಪತ್ರದ ಬಗ್ಗೆ ಒಂದೇ ಮಾತು. ಪ್ರಾಸ್ಪೆಕ್ಟಸ್ (ಫಂಡಿನ ಅಧಿಕೃತ ವಿವರ ಪತ್ರ) ಓದಿ ಅಂತ ಎಲ್ಲರೂ ಅನ್ನುತ್ತಾರೆ. ಅದರ ಜತೆಗಿರುವ ಸ್ಟೇಟ್‌ಮೆಂಟ್ ಆಫ್ ಅಡಿಷನಲ್ ಇನ್ಫರ್ಮೇಷನ್ ಯಾರೂ ತೆರೆಯುವುದಿಲ್ಲ. ಫಂಡ್ ನಡೆಸುವವರು ತಮ್ಮ ಸ್ವಂತ ದುಡ್ಡು ಅದೇ ಫಂಡಿನಲ್ಲಿ ಎಷ್ಟು ಇಟ್ಟಿದ್ದಾರೆ ಅಂತ ಅದರಲ್ಲಿ ಇರುತ್ತದೆ. '10 ಲಕ್ಷ ಡಾಲರ್‌ಗಿಂತ ಜಾಸ್ತಿ' ಅನ್ನುವ ಸಾಲು ಎಷ್ಟು ಹೆಸರಿನ ಮುಂದಿದೆ ಅಂತ ಎಣಿಸಿ. ಅಡುಗೆಯವನು ತನ್ನ ಹೋಟೆಲಿನಲ್ಲೇ ಊಟ ಮಾಡುತ್ತಾನಾ ಅಂತ ನೋಡಿದ ಹಾಗೆ. ಫಂಡ್‌ಗಳನ್ನು ಅಳೆಯುವ ಮಾರ್ನಿಂಗ್‌ಸ್ಟಾರ್ ಸಂಸ್ಥೆ ಕೊಡುವ ನಕ್ಷತ್ರಗಳಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಅವು ಕಳೆದುಹೋದ ವರ್ಷಗಳ ಮಾರ್ಕ್ಸ್ ಕಾರ್ಡ್.

ಹಾಗಾದರೆ ಹಾಕಬಹುದಾ? ಹಾಕಬಹುದು. ಇದು ಒಳ್ಳೆಯ ಫಂಡ್. ಆದರೆ ಒಟ್ಟು ಎಷ್ಟಿದೆ ಅಂತ ನೀವು ಬರೆದಿಲ್ಲ. 50 ಸಾವಿರ ಅನ್ನುವುದು 1 ಲಕ್ಷದಲ್ಲಾ, 4 ಲಕ್ಷದಲ್ಲಾ? ನಾನಾದರೆ ವಿದೇಶಿ ಷೇರುಗಳಿಗೆ ಒಟ್ಟಾರೆ ನಾಲ್ಕರಲ್ಲೊಂದು ಭಾಗ ಇಡುತ್ತೇನೆ. ಅದರಲ್ಲಿ ಅರ್ಧ ಅಗ್ಗದ ಇಂಡೆಕ್ಸ್ ಫಂಡ್, ಅರ್ಧ ಇಂಥದ್ದು. ಇಂಡೆಕ್ಸ್ ಫಂಡ್ ಪಟ್ಟಿಯಲ್ಲೇ ಇಲ್ಲದಿದ್ದರೆ ಪೂರ್ತಿ ಇದಕ್ಕೇ ಹಾಕಿದರೂ ಬೇಜಾರಿಲ್ಲ. 401(ಕೆ) ಒಳಗೆ ಒಂದು ಫಂಡ್ ಮಾರಿ ಇನ್ನೊಂದು ಕೊಂಡರೆ ತೆರಿಗೆ ಬೀಳುವುದಿಲ್ಲ. ಹಾಗಾಗಿ ಒಂದೇ ದಿನ ಎಲ್ಲ ಎತ್ತಿ ಹಾಕುವ ಅವಸರ ಬೇಡ, ಮೂರು ತಿಂಗಳಿಗೊಮ್ಮೆ ನಾಲ್ಕು ಕಂತಿನಲ್ಲಿ ಬದಲಾಯಿಸಿ. ಊರಲ್ಲಿ ನಿಮಗೆ ಈಗಾಗಲೇ ಭಾರತದ ಷೇರುಗಳು ಇದ್ದರೆ ಫಂಡಿನಲ್ಲಿ ಭಾರತದ ಪಾಲು ಎಷ್ಟು ಅಂತಲೂ ಒಮ್ಮೆ ಕಣ್ಣಾಡಿಸಿ.

401(ಕೆ)ಯಲ್ಲಿ ಒಂದು ಸಣ್ಣ ಸೋರಿಕೆ ಇದೆ. ವಿದೇಶಿ ಕಂಪನಿ ಡಿವಿಡೆಂಡ್ ಕೊಡುವಾಗ ಆ ದೇಶ ತನ್ನ ತೆರಿಗೆ ಹಿಡಿದುಕೊಂಡೇ ಕೊಡುತ್ತದೆ. ಬ್ರಿಟನ್ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಸ್ವಿಟ್ಜರ್‌ಲೆಂಡ್ ಶೇ 35 ಹಿಡಿದು ಆಮೇಲೆ ಒಂದು ಭಾಗ ವಾಪಸ್ ಕೇಳಲು ಬಿಡುತ್ತದೆ. ಡಿವಿಡೆಂಡ್ ಶೇ 3 ಇದ್ದು ಅದರಲ್ಲಿ ಹತ್ತನೇ ಒಂದು ಭಾಗ ಹೋಯಿತು ಅಂದುಕೊಂಡರೆ ವರ್ಷಕ್ಕೆ ಶೇ 0.3. ನಿವೃತ್ತಿ ಖಾತೆಯಲ್ಲಿ ಇದನ್ನು ವಾಪಸ್ ಪಡೆಯುವ ದಾರಿ ಇಲ್ಲ. ಇದಕ್ಕೆ ಹೆದರಿ ಬಿಡಬೇಡಿ, ಲೆಕ್ಕದಲ್ಲಿ ಇರಲಿ.

ನಿಮ್ಮ ಹೆಂಡತಿಯವರ ಬ್ರೋಕರೇಜ್ ಖಾತೆಯಲ್ಲಿ ಇದೇ ವಿಷಯ ಉಲ್ಟಾ. ಅಲ್ಲಿ ಹಿಡಿದ ತೆರಿಗೆ, ವರ್ಷದ ಡಿವಿಡೆಂಡ್ ಲೆಕ್ಕ ಇರುವ 1099-ಡಿಐವಿ ಹಾಳೆಯ 7ನೇ ಬಾಕ್ಸ್‌ನಲ್ಲಿ ಬರುತ್ತದೆ. ಜಂಟಿಯಾಗಿ ರಿಟರ್ನ್ ಹಾಕುವವರಾದರೆ ಸಾಮಾನ್ಯವಾಗಿ 600 ಡಾಲರ್‌ವರೆಗೆ ಫಾರ್ಮ್ 1116 (ವಿದೇಶಿ ತೆರಿಗೆಯ ಲೆಕ್ಕ ಕೊಡುವ ಫಾರ್ಮ್) ತುಂಬದೆಯೇ ಅದನ್ನು ನಿಮ್ಮ ಅಮೆರಿಕದ ತೆರಿಗೆಯಿಂದ ಕಡಿಮೆ ಮಾಡಿಸಿಕೊಳ್ಳಬಹುದು. ಆದರೆ ಆ ಖಾತೆಗೆ ನಾನು ಈ ಫಂಡ್ ಹೇಳುವುದಿಲ್ಲ. ಸಮಿತಿ ವರ್ಷದಲ್ಲಿ ಲಾಭಕ್ಕೆ ಷೇರು ಮಾರಿದ್ದರೆ ಡಿಸೆಂಬರ್‌ನಲ್ಲಿ ಆ ಲಾಭ ಹಂಚುತ್ತದೆ. ನೀವು ಒಂದು ಯೂನಿಟ್ ಮಾರದೆ ಇದ್ದರೂ ತೆರಿಗೆ ನಿಮ್ಮ ತಲೆಗೆ. ಅಲ್ಲಿಗೆ ಇಎಫ್‌ವಿ ಥರದ ಇಟಿಎಫ್ ಸಾಕು, ಈ ತಾಪತ್ರಯ ಅದರಲ್ಲಿ ಕಡಿಮೆ.

'ಫಾರಿನ್ ಫಂಡ್' ಅಂತ ಕೇಳಿದ್ದಕ್ಕೆ ಇನ್ನೊಂದು ಎಚ್ಚರಿಕೆ. ಇದು ಅಮೆರಿಕದಲ್ಲೇ ನೋಂದಾಯಿಸಿದ, ವಿದೇಶಿ ಷೇರು ಕೊಳ್ಳುವ ಫಂಡ್. ಭಾರತದಲ್ಲಿ ನೋಂದಾಯಿಸಿದ ಮ್ಯೂಚುವಲ್ ಫಂಡ್ ಬೇರೆಯೇ ಪ್ರಾಣಿ. ಅಮೆರಿಕದ ತೆರಿಗೆ ಕಟ್ಟುವವರ ಕೈಯಲ್ಲಿ ಅದು ಪಿಎಫ್‌ಐಸಿ (ವಿದೇಶಿ ಹೂಡಿಕೆ ಕಂಪನಿಗಳಿಗೆ ಅಮೆರಿಕದ ತೆರಿಗೆ ಕಾನೂನು ಇಟ್ಟ ವರ್ಗ) ಆಗುತ್ತದೆ, ಫಾರ್ಮ್ 8621ರ ತಲೆನೋವು ಬರುತ್ತದೆ, ತೆರಿಗೆಯೂ ಕಟುವಾಗಿರುತ್ತದೆ. ನಿಮ್ಮ ಹೆಂಡತಿಯವರ ಹೆಸರಿನಲ್ಲಿ ಬೆಂಗಳೂರಿನ ಬ್ಯಾಂಕಿನವರು ಶುರು ಮಾಡಿಸಿದ ಹಳೇ ಎಸ್‌ಐಪಿ ಏನಾದರೂ ಇನ್ನೂ ಓಡುತ್ತಿದ್ದರೆ, ಡಾಜ್ ಆಂಡ್ ಕಾಕ್ಸ್ ಯೋಚನೆ ಪಕ್ಕಕ್ಕಿಟ್ಟು ಮೊದಲು ಆ ಫೋಲಿಯೋ ನಂಬರ್ ಹುಡುಕಿ, ಒಬ್ಬ ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕ) ಹತ್ತಿರ ತಗೊಂಡು ಹೋಗಿ.